ಥಾಣೆ–ಡೊಂಬಿವಲಿಯ ಮನೆಗಳಿಗೊಪ್ಪುವ ನಸುಗೆಂಪು ಗುಲಾಬಿ

ಡಿಸೆಂಬರ್ ತಿಂಗಳು ಬಂದಿತೆಂದರೆ ಥಾಣೆಯ ಘೋಡ್‌ಬಂದರ್ ರಸ್ತೆಯಿಂದ ಹಿಡಿದು ಕಲ್ಯಾಣ್, ಡೊಂಬಿವಲಿ ಹಾಗೂ ನವಿಮುಂಬಯಿಯ ರಸ್ತೆಬದಿಯ ನರ್ಸರಿಗಳವರೆಗೆ ಎಲ್ಲೆಲ್ಲಿಯೂ ಗುಲಾಬಿ ಗಿಡಗಳ ಸಾಲು ಕಾಣಸಿಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಈ ಸಾಲಿನಲ್ಲಿ ‘ಇಂಗ್ಲಿಷ್ ರೋಸ್’ ಎಂಬ ಚೀಟಿ ಹೊತ್ತ ನಸುಗೆಂಪು ಪೊದೆ ಗುಲಾಬಿಗಳೂ ಸೇರಿವೆ. ಒತ್ತಾಗಿ ಜೋಡಿಸಿದ ಎಸಳುಗಳ, ಬಟ್ಟಲಿನಂತೆ ತುಂಬಿಕೊಂಡ ಆ ಹೂವನ್ನು ಕಂಡು ಮನಸೋಲದವರು ವಿರಳ. ಸಾಮಾನ್ಯ ಗಿಡದ ಬೆಲೆಗಿಂತ ಹಲವು ಪಟ್ಟು ಹೆಚ್ಚು ಹಣ ತೆತ್ತು ಮನೆಗೆ ತಂದವರೂ ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಸಂಕ್ರಾಂತಿಗೆ ನಗುತ್ತಿದ್ದ ಆ ಗಿಡ ಗಣೇಶ ಚೌತಿಯ ಹೊತ್ತಿಗೆ ಎಲೆಯುದುರಿ ಕಡ್ಡಿಯಾಗಿ ನಿಲ್ಲುವುದೇ ಹೆಚ್ಚು.

ಇದು ಬೆಳೆಸಿದವರ ಕೈಗುಣದ ದೋಷವಲ್ಲ. ಗಿಡಕ್ಕೂ ಇಲ್ಲಿನ ಹವೆಗೂ ಹೊಂದಾಣಿಕೆ ಇದೆಯೇ ಎಂಬುದೇ ಮುಖ್ಯ ಪ್ರಶ್ನೆ. ಇಂಗ್ಲಿಷ್ ಗುಲಾಬಿಯ ಅದೇ ತುಂಬು ರೂಪ, ಅದೇ ಪರಿಮಳವನ್ನು ಬಹುಮಟ್ಟಿಗೆ ಕೊಡಬಲ್ಲ, ಇಲ್ಲಿನ ಮಳೆಯನ್ನೂ ತಾಳಬಲ್ಲ ನಸುಗೆಂಪು ಗುಲಾಬಿಯೊಂದು ಎರಡು ಶತಮಾನಗಳ ಹಿಂದೆಯೇ ಹುಟ್ಟಿದ್ದು, ನಮ್ಮ ದೇಶದಲ್ಲಿ ಬಹುಕಾಲದಿಂದ ಬೇರೂರಿದೆ. ಅದರ ಪರಿಚಯ ಹಾಗೂ ಇಲ್ಲಿನ ಹವೆಯಲ್ಲಿ ಗುಲಾಬಿ ಬೆಳೆಸುವ ಕ್ರಮವನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಇಂಗ್ಲಿಷ್ ಗುಲಾಬಿ ಎಂದರೇನು?

ಇಂಗ್ಲೆಂಡಿನಲ್ಲಿ ಬೆಳೆದ ಗುಲಾಬಿಗಳೆಲ್ಲವೂ ಇಂಗ್ಲಿಷ್ ಗುಲಾಬಿಗಳಲ್ಲ. ಡೇವಿಡ್ ಆಸ್ಟಿನ್ (1926–2018) ಎಂಬ ತಳಿ ತಜ್ಞರು ಹಳೆಯ ಕಾಲದ ಗುಲಾಬಿಗಳನ್ನು ಆಧುನಿಕ ಗುಲಾಬಿಗಳೊಂದಿಗೆ ಸಂಕರಗೊಳಿಸಿ ಪಡೆದ ಪೊದೆ ಗುಲಾಬಿಗಳ ವರ್ಗಕ್ಕೆ ಈ ಹೆಸರು ಸಲ್ಲುತ್ತದೆ. ಅವರ ಮೊದಲ ಪ್ರಸಿದ್ಧ ತಳಿ ‘ಕಾನ್‌ಸ್ಟನ್ಸ್ ಸ್ಪ್ರೈ’ 1961ರಲ್ಲಿ ಹೊರಬಂದಿತು. ಅದು ನಸುಗೆಂಪಿನ ಸುಂದರ ಹೂವಾದರೂ ವರ್ಷಕ್ಕೆ ಒಮ್ಮೆ ಮಾತ್ರ ಅರಳುತ್ತಿತ್ತು. ಮುಂದೆ ಬಂದ ‘ಮೇರಿ ರೋಸ್’ (1983), ‘ಹೆರಿಟೇಜ್’ (1984), ‘ಗರ್ಟ್ರೂಡ್ ಜೀಕಲ್’ (1986) ಮೊದಲಾದ ನಸುಗೆಂಪು ತಳಿಗಳು ಮತ್ತೆ ಮತ್ತೆ ಅರಳುವ ಗುಣವನ್ನು ಪಡೆದು ಜಗತ್ತಿನ ತೋಟಗಳನ್ನು ಸೇರಿದವು. ಹಳೆಯ ಗುಲಾಬಿಯ ರೂಪ ಮತ್ತು ಪರಿಮಳ, ಹೊಸ ಗುಲಾಬಿಯ ಪುನಃಪುನಃ ಹೂಬಿಡುವ ಗುಣ, ಈ ಎರಡರ ಸಂಗಮವೇ ಇಂಗ್ಲಿಷ್ ಗುಲಾಬಿಯ ಸಾರ.

ಬೂರ್ಬೊನ್ ದ್ವೀಪದ ನಂಟು

ಇಂತಹ ಸಂಗಮ ಇಂಗ್ಲೆಂಡಿಗಿಂತಲೂ ಮೊದಲೇ ಹಿಂದೂ ಮಹಾಸಾಗರದ ಒಂದು ದ್ವೀಪದಲ್ಲಿ ತಾನಾಗಿಯೇ ನಡೆದಿತ್ತು ಎಂಬುದು ಕುತೂಹಲದ ಸಂಗತಿ. ಇಂದು ರೆಯೂನಿಯನ್ ಎಂದು ಕರೆಯಲಾಗುವ ಆ ದ್ವೀಪಕ್ಕೆ ಆಗ ಬೂರ್ಬೊನ್ ಎಂಬ ಹೆಸರಿತ್ತು. ಅಲ್ಲಿನ ರೈತರು ಹೊಲದ ಬೇಲಿಗಾಗಿ ಎರಡು ಬಗೆಯ ಗುಲಾಬಿಗಳನ್ನು ನೆಡುತ್ತಿದ್ದರು: ಒಂದು, ಪರಿಮಳಕ್ಕೆ ಹೆಸರಾದ ಡಮಾಸ್ಕ್ ಗುಲಾಬಿ, ಇನ್ನೊಂದು, ಬಿಡುವಿಲ್ಲದೆ ಅರಳುವ ಚೀನಾ ಗುಲಾಬಿ. ಇವೆರಡೂ ಬೆರೆತು ಹುಟ್ಟಿದ ನಸುಗೆಂಪು ಗಿಡ 1817ರ ಸುಮಾರಿಗೆ ಫ್ರೆಂಚ್ ಸಸ್ಯತಜ್ಞ ಬ್ರೆಯೋನ್ ಅವರ ಕಣ್ಣಿಗೆ ಬಿದ್ದಿತು. ಅಲ್ಲಿಂದ ಬೀಜಗಳು ಪ್ಯಾರಿಸಿಗೆ ಹೋಗಿ, ‘ಬೂರ್ಬೊನ್ ಗುಲಾಬಿ’ಗಳ ಒಂದು ದೊಡ್ಡ ವಂಶವೇ ಬೆಳೆಯಿತು. ಆಸ್ಟಿನ್ ಅವರು ತಮ್ಮ ಸಂಕರಣಕ್ಕೆ ಬಳಸಿಕೊಂಡ ಹಳೆಯ ಗುಲಾಬಿಗಳಲ್ಲಿ ಬೂರ್ಬೊನ್ ವರ್ಗದವೂ ಇದ್ದವು.

ಆ ಮೂಲ ಬೂರ್ಬೊನ್ ಗುಲಾಬಿಗೆ ‘ರೋಸ್ ಎಡ್ವರ್ಡ್’ ಎಂಬ ಹೆಸರಿದ್ದು, ಭಾರತದಲ್ಲಿ ಅದು ‘ಎಡ್ವರ್ಡ್’ ಎಂದೇ ಪರಿಚಿತ. ದಕ್ಷಿಣದಲ್ಲಿ ಪನ್ನೀರು ಗುಲಾಬಿ ಎಂಬ ಹೆಸರಿನಲ್ಲಿ ಸಿಗುವ ಗಿಡಗಳಲ್ಲಿ ಇದೂ ಒಂದು. ಇದರ ಗಟ್ಟಿತನವನ್ನು ಮನಗಂಡ ನಮ್ಮ ನರ್ಸರಿಗಳು ಸೂಕ್ಷ್ಮ ತಳಿಗಳನ್ನು ಕಸಿ ಕಟ್ಟಲು ಇದನ್ನೇ ಬೇರುಗಿಡವಾಗಿ ಬಳಸಿಕೊಂಡು ಬಂದಿವೆ. ಬೆಲೆಬಾಳುವ ಕಸಿ ಒಣಗಿಹೋಗಿ, ಬುಡದಿಂದ ಚಿಗುರಿದ ಗಿಡ ಪರಿಮಳದ ನಸುಗೆಂಪು ಹೂ ಬಿಟ್ಟರೆ, ಅದು ಬಹುಶಃ ಈ ಎಡ್ವರ್ಡ್ ಆಗಿರಬಹುದು. ಅದನ್ನು ಕಾಡುಗಿಡವೆಂದು ಕಿತ್ತೆಸೆಯುವ ಮುನ್ನ ಒಂದು ಹೂವನ್ನಾದರೂ ನೋಡುವುದು ಒಳ್ಳೆಯದು.

ನಮ್ಮ ಹವೆಯ ಸ್ವಭಾವ

ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಳನಳಿಸುವ ಗುಲಾಬಿ ಥಾಣೆಯಲ್ಲಿ ಏಕೆ ಸೊರಗುತ್ತದೆ ಎಂದು ಕೇಳುವವರುಂಟು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಅಲ್ಲಿ ವರ್ಷಕ್ಕೆ ಸುಮಾರು 1000 ಮಿಲಿಮೀಟರ್ ಮಳೆ ಬೀಳುತ್ತದೆ. ಥಾಣೆ ಮತ್ತು ನವಿಮುಂಬಯಿಯಲ್ಲಿ ಅದರ ಎರಡು ಪಟ್ಟಿಗಿಂತಲೂ ಹೆಚ್ಚು ಮಳೆ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಹವಾಮಾನ ಇಲಾಖೆಯ ಲೆಕ್ಕದಂತೆ ಮುಂಬಯಿಗೆ ಮುಂಗಾರು ಪ್ರವೇಶಿಸುವ ಸಾಮಾನ್ಯ ದಿನ ಜೂನ್ 11. ನಿರ್ಗಮಿಸುವುದು ಅಕ್ಟೋಬರ್ 8. ಈ ಅವಧಿಯಲ್ಲಿ ಎಲೆಗಳು ದಿನಗಟ್ಟಲೆ ಒಣಗುವುದೇ ಇಲ್ಲ. ಗುಲಾಬಿಯ ಕಡುವೈರಿಯಾದ ಕಪ್ಪು ಚುಕ್ಕೆ ರೋಗದ ಶಿಲೀಂಧ್ರ ಮೊಳೆಯಲು ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿದ್ದರೆ ಸಾಕು. ತಂಪು ದೇಶಕ್ಕಾಗಿ ರೂಪುಗೊಂಡ ಅನೇಕ ಇಂಗ್ಲಿಷ್ ತಳಿಗಳು ಇಲ್ಲಿ ಉದ್ದನೆಯ ರೆಂಬೆಗಳನ್ನು ಚಾಚಿ, ಹೂವನ್ನು ಕಡಿಮೆ ಮಾಡಿ, ಅರಳಿದ ಹೂವನ್ನೂ ಬಿಸಿಲಿಗೆ ಬೇಗನೆ ಕಳೆದುಕೊಳ್ಳುತ್ತವೆ.

ಆದುದರಿಂದ ಗುಲಾಬಿಯ ವಿಷಯದಲ್ಲಿ ನಮಗೆ ಮಾದರಿಯಾಗಬೇಕಾದುದು ಬೆಂಗಳೂರಲ್ಲ. ಮಂಗಳೂರು, ಉಡುಪಿಗಳ ಕರಾವಳಿ. ಅಲ್ಲಿನ ಹೆಂಗಸರು ಮಳೆಗಾಲದಲ್ಲಿ ಹೂವಿನ ಚಟ್ಟಿಗಳನ್ನು ಮಾಡಿನ ಕೆಳಗೆ ಸರಿಸಿಡುವ ವಾಡಿಕೆಯ ಹಿಂದೆ ಈ ವಿವೇಕವೇ ಇದೆ.

ಗಿಡದ ಆಯ್ಕೆ

ಎಡ್ವರ್ಡ್ ಎಂಬ ಹೆಸರು ಎಲ್ಲ ನರ್ಸರಿಗಳಿಗೂ ತಿಳಿದಿರುವುದಿಲ್ಲ. ಇಲ್ಲಿನ ಮಾಲಿಗಳಲ್ಲಿ ‘ಗಾವಠಿ ಗುಲಾಬ್’ ಎಂದು ಕೇಳಬೇಕು. ಆ ಹೆಸರಿನಲ್ಲಿ ಮಾರಾಟವಾಗುವ ಗಿಡಗಳೆಲ್ಲವೂ ಒಂದೇ ತಳಿಯಲ್ಲವಾದ್ದರಿಂದ, ಹೂವಿರುವ ಗಿಡವನ್ನೇ ಆರಿಸಿ, ಮೂಸಿ ನೋಡಿ ಕೊಳ್ಳುವುದು ಲೇಸು. ತುಂಬು ಎಸಳು, ತಿಳಿ ಅಥವಾ ಗಾಢ ನಸುಗೆಂಪು ಬಣ್ಣ ಮತ್ತು ತೀಕ್ಷ್ಣ ಪರಿಮಳ, ಈ ಮೂರೂ ಇದ್ದರೆ ಹೆಸರಿನ ಚಿಂತೆ ಬೇಡ.

ಪರಿಮಳಕ್ಕಿಂತ ನೋಟಕ್ಕೆ ಪ್ರಾಧಾನ್ಯ ಕೊಡುವವರು ಎತ್ತರವಾಗಿ ಬೆಳೆಯುವ ‘ಕ್ವೀನ್ ಎಲಿಜಬೆತ್’ (1954) ಎಂಬ ನಸುಗೆಂಪು ತಳಿಯನ್ನು ಪ್ರಯತ್ನಿಸಬಹುದು. ನಮ್ಮ ದೇಶದಲ್ಲಿಯೇ ಹುಟ್ಟಿದ ತಳಿಗಳೂ ಇವೆ. ಪ್ರಸಿದ್ಧ ಕೃಷಿ ವಿಜ್ಞಾನಿ ಡಾ. ಬಿ. ಪಿ. ಪಾಲ್ (1906–1989) ಅವರು ಗೋಧಿಯ ತಳಿಗಳೊಂದಿಗೆ ಗುಲಾಬಿಯ ತಳಿಗಳನ್ನೂ ಅಭಿವೃದ್ಧಿಪಡಿಸಿದವರು; ಗಾಢ ನಸುಗೆಂಪಿನ ‘ಡೆಲ್ಲಿ ಪ್ರಿನ್ಸೆಸ್’ ಅವರ ಕೊಡುಗೆ. ಕೊಡೈಕನಾಲ್‌ನಲ್ಲಿ ನೆಲೆಸಿದ ಎಂ. ಎಸ್. ವೀರರಾಘವನ್ ಅವರು ಭಾರತದ ಕಾಡು ಗುಲಾಬಿಗಳನ್ನು ಬಳಸಿ ಬಿಸಿ ಹವೆಗೆ ಒಗ್ಗುವ ತಳಿಗಳನ್ನು ರೂಪಿಸಲು ದಶಕಗಳ ಕಾಲ ಶ್ರಮಿಸಿದ್ದಾರೆ.

ಇಂಗ್ಲಿಷ್ ಗುಲಾಬಿಯೇ ಬೇಕೆನ್ನುವವರು ಒಂದೇ ಗಿಡದಿಂದ ಪ್ರಾರಂಭಿಸಲಿ. ತಳಿಯ ಹೆಸರನ್ನು ಸ್ಪಷ್ಟವಾಗಿ ಹೇಳುವ ಮಾರಾಟಗಾರರಿಂದಲೇ ಕೊಳ್ಳಬೇಕು. ಮಳೆ ಬೀಳದ, ಗಾಳಿಯಾಡುವ, ಬೆಳಗಿನ ಬಿಸಿಲು ಬರುವ ಜಾಗವಿದ್ದರೆ ಮಾತ್ರ ಅದಕ್ಕೆ ಕೈಹಾಕುವುದು ಸೂಕ್ತ.

ಜಾಗ, ಕುಂಡ ಮತ್ತು ಮಣ್ಣು

ಗುಲಾಬಿಗೆ ದಿನಕ್ಕೆ ಕನಿಷ್ಠ ಐದಾರು ಗಂಟೆಗಳ ಬಿಸಿಲು ಬೇಕು. ಪೂರ್ವ ದಿಕ್ಕಿನ ಬಾಲ್ಕನಿ ಅತ್ಯುತ್ತಮ. ಪಶ್ಚಿಮದ ಬಾಲ್ಕನಿಯಾದರೆ ಏಪ್ರಿಲ್–ಮೇ ತಿಂಗಳ ಇಳಿಬಿಸಿಲಿಗೆ ತೆಳು ನೆರಳು ಬಟ್ಟೆ ಕಟ್ಟಬೇಕಾಗುತ್ತದೆ. ಕುಂಡ 12ರಿಂದ 14 ಅಂಗುಲ ಅಗಲವಿದ್ದು, ತಳದಲ್ಲಿ ನೀರು ಸರಾಗವಾಗಿ ಹೊರಹೋಗಲು ರಂಧ್ರಗಳಿರಬೇಕು.

ಮಣ್ಣಿನ ಮಿಶ್ರಣಕ್ಕೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಸಾಕು. ತೆಂಗಿನ ನಾರಿನ ಪುಡಿಯನ್ನು ಹೆಚ್ಚು ಬೆರೆಸಿದರೆ ಮಳೆಗಾಲದಲ್ಲಿ ಮಣ್ಣು ನೀರು ಹಿಡಿದಿಟ್ಟುಕೊಂಡು ಬೇರು ಕೊಳೆಯುತ್ತದೆ. ನರ್ಸರಿಯಿಂದ ತಂದ ಗಿಡದ ಬೇರಿನ ಸುತ್ತ ಗಟ್ಟಿಯಾದ ಜೇಡಿಯ ಉಂಡೆ ಇದ್ದರೆ, ಅದನ್ನು ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಬೇರಿಗೆ ಪೆಟ್ಟಾಗದಂತೆ ಸಡಿಲಿಸಿ ನೆಡಬೇಕು. ಹಾಗೆಯೇ ನೆಟ್ಟರೆ ಹೊಸ ಮಣ್ಣಿಗೆ ಬೇರು ಹರಡುವುದಿಲ್ಲ. ಕಸಿಯ ಗಂಟು ಮಣ್ಣಿಗಿಂತ ಮೇಲಿರಲಿ.

ವರ್ಷದ ಕ್ರಮ

ಅಕ್ಟೋಬರ್–ನವೆಂಬರ್: ನವರಾತ್ರಿ ಕಳೆದು ಮಳೆ ಸಂಪೂರ್ಣ ನಿಂತ ಮೇಲೆ ಗಿಡ ಸವರುವ ಕಾಲ. ಒಣಗಿದ, ರೋಗ ತಗುಲಿದ, ಒಳಮುಖವಾಗಿ ಬೆಳೆದ ಕಡ್ಡಿಗಳನ್ನು ತೆಗೆದು, ಉಳಿದವನ್ನು ಅರ್ಧದಷ್ಟು ಕತ್ತರಿಸಬೇಕು. ಕತ್ತರಿಸಿದ ತುದಿಗೆ ಬೋರ್ಡೊ ಮುಲಾಮು ಹಚ್ಚಿದರೆ ತುದಿಯಿಂದ ಒಣಗುತ್ತ ಬರುವ ರೋಗವನ್ನು ತಡೆಯಬಹುದು. ಗೊಬ್ಬರ ಕೊಡಲು ಇದೇ ಸಮಯ. ಆರರಿಂದ ಎಂಟು ವಾರಗಳಲ್ಲಿ ಹೂವು ಸಿದ್ಧ.

ಡಿಸೆಂಬರ್–ಫೆಬ್ರವರಿ: ಹೂವಿನ ಸುಗ್ಗಿ. ಬಾಡಿದ ಹೂವನ್ನು ಕೆಳಗಿನ ಎರಡು ಪೂರ್ಣ ಎಲೆಗಳ ಸಹಿತ ಕತ್ತರಿಸಿದರೆ ಹೊಸ ಚಿಗುರು ಬೇಗ ಬರುತ್ತದೆ. ರಾತ್ರಿ ತಂಪು, ಹಗಲು ಬಿಸಿ ಇರುವ ಈ ದಿನಗಳಲ್ಲಿ ಎಲೆಗಳ ಮೇಲೆ ಬೂದಿ ರೋಗ ಕಾಣಿಸಬಹುದು. ತಗುಲಿದ ಎಲೆಗಳನ್ನು ತೆಗೆದು ಗಿಡಗಳ ನಡುವೆ ಅಂತರ ಹೆಚ್ಚಿಸಬೇಕು.

ಮಾರ್ಚ್–ಮೇ: ಬೆಳಗ್ಗೆ ಬುಡಕ್ಕೆ ನೀರು. ಎಲೆಯಡಿಯಲ್ಲಿ ಕೆಂಪು ನುಸಿ ಕಂಡರೆ ನೀರಿನ ಧಾರೆಯಿಂದ ಎಲೆಯ ತಳಭಾಗವನ್ನು ತೊಳೆಯುವುದೇ ಮೊದಲ ಚಿಕಿತ್ಸೆ. ಈ ಕಾಲದಲ್ಲಿ ಹೂವು ಚಿಕ್ಕದಾಗುವುದು ಸಹಜ. ಹೆಚ್ಚು ಗೊಬ್ಬರ ಹಾಕಿ ಗಿಡವನ್ನು ಬಲವಂತಪಡಿಸಬಾರದು.

ಜೂನ್–ಸೆಪ್ಟೆಂಬರ್: ಗಿಡ ಬದುಕಿದರೆ ಅದೇ ಫಲ. ಕುಂಡಗಳನ್ನು ಮಳೆ ಹೊಡೆಯದ ಕಡೆ, ಆದರೆ ಬೆಳಕು–ಗಾಳಿ ಇರುವಲ್ಲಿ ಇರಿಸಿ. ಕಪ್ಪು ಚುಕ್ಕೆ ಬಿದ್ದ ಎಲೆಗಳನ್ನು ಅಂದಂದೇ ಆರಿಸಿ ಕಸಕ್ಕೆ ಹಾಕಿ, ಕುಂಡದಲ್ಲಿ ಬಿಡಬೇಡಿ. ಗಿಡವನ್ನು ಆಳವಾಗಿ ಸವರುವುದು ಈ ಕಾಲದಲ್ಲಿ ಸಲ್ಲದು.

ಔಷಧಿ ಅನಿವಾರ್ಯವಾದರೆ ಡಬ್ಬಿಯ ಮೇಲಿನ ಪ್ರಮಾಣವನ್ನು ಮೀರಬಾರದು. ಔಷಧಿ ಸಿಂಪಡಿಸಿದ ಗಿಡದ ಹೂವನ್ನು ಅಡುಗೆಗೆ ಬಳಸಕೂಡದು.

ನೆರೆಹೊರೆಯ ಹಿತ

ಹತ್ತಾರು ಮಹಡಿಗಳ ಕಟ್ಟಡದಲ್ಲಿ ತೋಟಗಾರಿಕೆ ಕೇವಲ ನಮ್ಮ ಮನೆಯ ವಿಷಯವಲ್ಲ. ಕಿಟಕಿಯ ಗ್ರಿಲ್ಲಿನ ಮೇಲೆ ಭಾರವಾದ ಕುಂಡಗಳನ್ನಿಡುವುದು ಅಪಾಯಕಾರಿ. ಕೆಳಗಿನ ಮನೆಯ ಬಟ್ಟೆಯ ಮೇಲೆ ಮಣ್ಣುನೀರು ಹನಿಯದಂತೆ ತಟ್ಟೆ ಇಡಬೇಕು. ಆದರೆ ಆ ತಟ್ಟೆಯಲ್ಲಿ ನಿಂತ ನೀರೇ ಡೆಂಗಿ ಹರಡುವ ಸೊಳ್ಳೆಗೆ ತವರಾಗುತ್ತದೆ. ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ವಾರಕ್ಕೆ ಎರಡು ಬಾರಿ ತಟ್ಟೆಗಳನ್ನು ಚೆಲ್ಲಿ ಉಜ್ಜಿ ತೊಳೆಯುವುದು ಮಳೆಗಾಲದಲ್ಲಿ ಕಡ್ಡಾಯವೆಂದೇ ಭಾವಿಸಬೇಕು.

ಕಡ್ಡಿಯಿಂದ ಹೊಸ ಗಿಡ

ಗಾವಠಿ ಗುಲಾಬಿಯ ಬಹುದೊಡ್ಡ ಗುಣವೆಂದರೆ ಅದು ಕಡ್ಡಿಯಿಂದಲೇ ಬೇರೂರುತ್ತದೆ. ಡೊಂಬಿವಲಿ, ಕಲ್ಯಾಣ್, ಥಾಣೆಗಳಲ್ಲಿ ಹಳೆಯ ಕಟ್ಟಡಗಳು ಒಂದೊಂದಾಗಿ ಪುನರ್ನಿರ್ಮಾಣಕ್ಕೆ ಹೋಗುತ್ತಿರುವ ಈ ದಿನಗಳಲ್ಲಿ ನೆಲಮಾಳಿಗೆಯ ಅಂಗಳ, ಕಂಪೌಂಡಿನ ಬದಿಯಲ್ಲಿ ಹಿರಿಯರು ನೆಟ್ಟ ಗುಲಾಬಿ ಪೊದೆಗಳು ಬುಲ್ಡೋಜರಿಗೆ ಬಲಿಯಾಗುತ್ತಿವೆ. ಅವನ್ನು ಬೇರುಸಹಿತ ಎತ್ತಿ ಬದುಕಿಸುವುದು ಕಷ್ಟ; ಕಡ್ಡಿಯಿಂದ ಉಳಿಸುವುದು ಸುಲಭ.

ಪೆನ್ಸಿಲ್ ದಪ್ಪದ, ಸುಮಾರು 20 ಸೆಂಟಿಮೀಟರ್ ಉದ್ದದ ಬಲಿತ ಕಡ್ಡಿಯನ್ನು ಗಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೂಳಬೇಕು. ನೆರಳಿನಲ್ಲಿಟ್ಟು ಮಣ್ಣು ಆರದಂತೆ ನೋಡಿಕೊಂಡರೆ ಒಂದೆರಡು ತಿಂಗಳಲ್ಲಿ ಬೇರು ಬರುತ್ತದೆ. ಕೆಲವು ಕಡ್ಡಿಗಳು ಹೋಗುವುದು ಸಾಮಾನ್ಯವಾದ್ದರಿಂದ ಐದಾರನ್ನು ಒಟ್ಟಿಗೆ ನೆಡುವುದು ಜಾಣತನ. ಮನೆ ಖಾಲಿ ಮಾಡುವ ದಿನಕ್ಕೆ ಕಾಯದೆ ಎರಡು ಮೂರು ತಿಂಗಳು ಮೊದಲೇ ಈ ಕೆಲಸ ಮುಗಿಸಬೇಕು.

ಹೂವಿನ ಸದುಪಯೋಗ

ಗುಲಾಬಿಯ ಪರಿಮಳ ಬೆಳಗಿನ ಜಾವದಲ್ಲಿ ಅತ್ಯಧಿಕ. ಪೂಜೆಗಾಗಲಿ ಮುಡಿಗಾಗಲಿ ಬಿಸಿಲೇರುವ ಮೊದಲೇ ಕೊಯ್ಯುವುದು ಒಳಿತು. ಔಷಧಿ ತಾಗದ ಹೂವುಗಳಿದ್ದರೆ ಎಸಳುಗಳನ್ನು ತೊಳೆದು, ನೆರಳಿನಲ್ಲಿ ಆರಿಸಿ, ಸಮತೂಕದ ಸಕ್ಕರೆಯೊಡನೆ ಪದರ ಪದರವಾಗಿ ಗಾಜಿನ ಭರಣಿಯಲ್ಲಿ ತುಂಬಿ ಮೂರು ವಾರ ಬಿಸಿಲಿಗಿಟ್ಟರೆ ಮನೆಯ ಗುಲ್ಕಂದ್ ಸಿದ್ಧವಾಗುತ್ತದೆ. ದಳ ಗಟ್ಟಿಯಾದ, ಪರಿಮಳವಿಲ್ಲದ ಅಂಗಡಿಯ ಗುಲಾಬಿಗಳಿಂದ ಈ ಸ್ವಾದ ದೊರೆಯದು.

ಇಂಗ್ಲಿಷ್ ಗುಲಾಬಿಯ ಚೆಲುವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದರ ಹಿರಿಯ ನಂಟಳಾದ ಗಾವಠಿ ಗುಲಾಬಿ ಕಡಿಮೆ ಬೆಲೆಗೆ ದೊರೆತು, ನಾಲ್ಕು ತಿಂಗಳ ಮಳೆ ತಾಳಿ, ಕುಟುಂಬ ಮನೆ ಬದಲಾಯಿಸಿದಾಗ ಒಂದು ಕಡ್ಡಿಯಾಗಿ ಜೊತೆಗೆ ಹೊರಡಬಲ್ಲದು. ಮೊದಲು ಅದನ್ನು ಎರಡು ಮಳೆಗಾಲ ದಾಟಿಸಿ ಕೈ ಪಳಗಿಸಿಕೊಂಡವರು ಆಮೇಲೆ ಇಂಗ್ಲಿಷ್ ಗುಲಾಬಿಯನ್ನು ಧೈರ್ಯವಾಗಿ ಮನೆಗೆ ತರಬಹುದು.