ಸುಪ್ತವಲ್ಲದ ಸುಪ್ತ ಮನಸ್ಸು

ಮನಸ್ಸಿನ ಕುರಿತ ಲೇಖನ, ಪಠ್ಯಪುಸ್ತಕಗಳಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಎದುರಾಗುತ್ತದೆ. ಸಮುದ್ರದಲ್ಲಿ ತೇಲುವ ನೀರ್ಗಲ್ಲು. ಮೇಲೆ ಕಾಣುವ ತುದಿ ಜಾಗೃತ ಮನಸ್ಸು, ಮುಳುಗಿರುವ ಬಹುಭಾಗ ಸುಪ್ತ ಮನಸ್ಸು. ಜತೆಗೆ ಸಿಗ್ಮಂಡ್ ಫ್ರಾಯ್ಡ್ ಅವರ ಹೆಸರು. ವಿಚಿತ್ರವೆಂದರೆ ಫ್ರಾಯ್ಡ್ ಪ್ರಕಟಿಸಿದ ಬರಹಗಳಲ್ಲಿ ಈ ನೀರ್ಗಲ್ಲು ಎಲ್ಲೂ ಇಲ್ಲ.

ಅವರಿಗೆ ಪ್ರಿಯವಾಗಿದ್ದದ್ದು ಬೇರೆಯೇ ಚಿತ್ರ, ಉತ್ಖನನದ್ದು. ವಿಯೆನ್ನಾದ ಬೆರ್ಗ್‌ಗಾಸ್ಸೆ 19ರ ಅವರ ಕೋಣೆಗಳಲ್ಲಿ ಈಜಿಪ್ಟ್, ಗ್ರೀಸ್, ರೋಮ್‌ಗಳ ಪ್ರಾಚೀನ ವಿಗ್ರಹಗಳು ತುಂಬಿದ್ದವು. ಅವರ ಸಂಗ್ರಹ ಕೊನೆಗೆ ಎರಡು ಸಾವಿರವನ್ನು ದಾಟಿತ್ತು. ಟ್ರಾಯ್ ನಗರವನ್ನು ಅಗೆದು ತೆಗೆದ ಶ್ಲೀಮನ್ ಬಗ್ಗೆ ಅವರಿಗೆ ಅಸೂಯೆ ಬೆರೆತ ಮೆಚ್ಚುಗೆಯಿತ್ತು. ಮಣ್ಣಿನ ಪದರಗಳ ಕೆಳಗೆ ಹಳೆಯ ನಗರ ಸಿಗುವಂತೆ ರೋಗಿಯ ಮಾತಿನ ಕೆಳಗೆ ಮರೆತ ಬಾಲ್ಯ ಸಿಗುತ್ತದೆ ಎಂಬುದು ಅವರ ನಂಬಿಕೆ.

1896ರ ಏಪ್ರಿಲ್‌ನಲ್ಲಿ ವಿಯೆನ್ನಾದ ವೈದ್ಯರ ಸಭೆಯೊಂದರಲ್ಲಿ ಅವರು ಇದೇ ಹೋಲಿಕೆಯಿಂದ ಮಾತು ಆರಂಭಿಸಿದರು. ಹಿಸ್ಟೀರಿಯಾದಿಂದ ನರಳುತ್ತಿದ್ದ 18 ರೋಗಿಗಳನ್ನು ತಾವು ನೋಡಿರುವುದಾಗಿಯೂ ಪ್ರತಿಯೊಬ್ಬರ ಬಾಲ್ಯದಲ್ಲೂ ಲೈಂಗಿಕ ದೌರ್ಜನ್ಯ ನಡೆದಿತ್ತೆಂದೂ ಹೇಳಿದರು. ಸಭೆ ತಣ್ಣಗಿತ್ತು. ಅಧ್ಯಕ್ಷತೆ ವಹಿಸಿದ್ದ ಕ್ರಾಫ್ಟ್-ಎಬಿಂಗ್, ಇದು ವಿಜ್ಞಾನದ ವೇಷದ ಕಟ್ಟುಕತೆಯಂತಿದೆ ಎಂದು ತಳ್ಳಿಹಾಕಿದರು. ಮರ್ಯಾದಸ್ಥರ ಮನೆಗಳ ಒಳಗಿನ ಸುದ್ದಿಯನ್ನು ಮರ್ಯಾದಸ್ಥರ ಸಭೆಯಲ್ಲಿ ಹೇಳಿದರೆ ಇನ್ನೇನಾದೀತು?

ಒಂದೂವರೆ ವರ್ಷದೊಳಗೆ ಫ್ರಾಯ್ಡ್ ತಾವೇ ಹಿಂದೆ ಸರಿದರು. 1897ರ ಸೆಪ್ಟೆಂಬರ್‌ನಲ್ಲಿ ಗೆಳೆಯ ಫ್ಲೀಸ್‌ಗೆ ಬರೆದ ಪತ್ರದಲ್ಲಿ ತಮ್ಮ ಸಿದ್ಧಾಂತದ ಮೇಲೆ ತಮಗೇ ನಂಬಿಕೆ ಉಳಿದಿಲ್ಲವೆಂದರು. ಕಾರಣಗಳು ಹಲವು. ಇಷ್ಟೊಂದು ತಂದೆಯರು ತಪ್ಪಿತಸ್ಥರೆಂದು ಒಪ್ಪಲು ಅವರಿಂದಾಗಲಿಲ್ಲ. ಇದಕ್ಕಿಂತ ಆಳದ ಕಾರಣ ಇನ್ನೊಂದಿತ್ತು: ಮನಸ್ಸಿನ ಆ ಪದರದಲ್ಲಿ ನಡೆದದ್ದಕ್ಕೂ ಕಲ್ಪಿಸಿಕೊಂಡದ್ದಕ್ಕೂ ಬೇರೆ ಬೇರೆ ಗುರುತಿಲ್ಲ. ಅಗೆಯುವವನ ಕೈಗೆ ಸಿಕ್ಕ ಮಡಕೆ ಚೂರು ಮಡಕೆ ಚೂರೇ. ಮನಸ್ಸಿನಿಂದ ಮೇಲೆ ಬಂದದ್ದು ಏನೆಂದು ಹಾಗೆ ಹೇಳಲಾಗದು.

ಈ ಹಿಂಜರಿಕೆಗೆ ಬೆಲೆ ತೆತ್ತವರು ಬೇರೆಯವರು. ಬಾಲ್ಯದಲ್ಲಿ ದೌರ್ಜನ್ಯ ನಡೆಯುವುದೇ ಇಲ್ಲವೆಂದು ಫ್ರಾಯ್ಡ್ ಎಂದೂ ಹೇಳಲಿಲ್ಲ, ನಿಜ. ಆದರೆ ಅವರ ನಂತರದ ಅನೇಕ ಚಿಕಿತ್ಸಕರು ಹೆಣ್ಣುಮಕ್ಕಳ ದೂರನ್ನು ಕಲ್ಪನೆಯೆಂದೇ ಕೇಳಿಸಿಕೊಂಡರು. 1984ರಲ್ಲಿ ಜೆಫ್ರಿ ಮ್ಯಾಸನ್ ಪುಸ್ತಕವೊಂದನ್ನು ಬರೆದು, ಫ್ರಾಯ್ಡ್ ಧೈರ್ಯಗೆಟ್ಟು ಸತ್ಯವನ್ನು ಕೈಬಿಟ್ಟರೆಂದು ಆಪಾದಿಸಿದರು. ಅದೇ ಹೊತ್ತಿಗೆ ಅಮೆರಿಕದಲ್ಲಿ ಕಥೆ ಇನ್ನೊಂದು ತುದಿಗೂ ಹೋಯಿತು. 1980-90ರ ದಶಕಗಳಲ್ಲಿ ಕೆಲವು ಚಿಕಿತ್ಸಕರು ಕೆದಕಿ ಕೆದಕಿ, ನಡೆಯದೇ ಇದ್ದ ಘಟನೆಗಳ 'ನೆನಪು'ಗಳನ್ನು ರೋಗಿಗಳಲ್ಲಿ ಹುಟ್ಟಿಸಿದರು. ಸಂಸಾರಗಳು ಒಡೆದವು, ಮೊಕದ್ದಮೆಗಳು ನಡೆದವು. ಅಗೆದರೆ ಸತ್ಯ ಸಿಕ್ಕೇ ಸಿಗುತ್ತದೆಂಬ ಚಿತ್ರವೇ ಅಲ್ಲಿ ಮೋಸ ಮಾಡಿತ್ತು.

ಫ್ರಾಯ್ಡ್ ಆ ಚಿತ್ರವನ್ನು ತಿದ್ದುತ್ತಲೇ ಇದ್ದರು. 'ಕನಸುಗಳ ಅರ್ಥ'ದಲ್ಲಿ ಮನಸ್ಸಿಗೆ ಮೂರು ನೆಲೆಗಳಿದ್ದವು: ಅರಿವು, ಅರಿವಿಗೆ ಬರಲು ಸಿದ್ಧವಾಗಿರುವುದು, ಅರಿವಿಗೆ ಬಾರದಂತೆ ತಡೆಯಲ್ಪಟ್ಟದ್ದು. (1899ರ ಕೊನೆಯಲ್ಲಿ 1900ರ ಇಸವಿ ಹೊತ್ತು ಹೊರಬಂದ ಆ ಪುಸ್ತಕದ 600 ಪ್ರತಿಗಳು ಮಾರಾಟವಾಗಲು ಎಂಟು ವರ್ಷ ಹಿಡಿಯಿತು.) 1923ರಲ್ಲಿ ಅವರು ಇನ್ನೊಂದು ವಿಂಗಡಣೆ ತಂದರು. ಬಯಕೆಗಳ ನೆಲೆಯಾದ 'ಅದು', ಲೋಕದೊಂದಿಗೆ ವ್ಯವಹರಿಸುವ 'ನಾನು', ಒಳಗೇ ಕೂತು ಗದರಿಸುವ 'ಮೇಲಿನ ನಾನು'. ಈ 'ನಾನು' ಕೂಡ ಬಹುಪಾಲು ತನಗೇ ಗೊತ್ತಿಲ್ಲದಂತೆ ಕೆಲಸ ಮಾಡುತ್ತದೆ ಎಂದ ಮೇಲೆ ಮೇಲಿನ ಪದರ, ಕೆಳಗಿನ ಪದರ ಎಂಬ ಲೆಕ್ಕ ಕಲಸಿಹೋಯಿತು. 1930ರಲ್ಲಿ ಮತ್ತೆ ರೋಮ್ ನಗರಕ್ಕೆ ಹಿಂದಿರುಗಿದರು. ಎಲ್ಲ ಕಾಲದ ಕಟ್ಟಡಗಳೂ ಅದೇ ಜಾಗದಲ್ಲಿ ಒಟ್ಟಿಗೇ ನಿಂತಿರುವ ರೋಮ್ ಅನ್ನು ಊಹಿಸಿಕೊಳ್ಳಿ, ಮನಸ್ಸು ಹಾಗಿದೆ ಎಂದರು. ಅಂಥ ನಗರ ಅಸಾಧ್ಯವೆಂದು ತಾವೇ ಹೇಳಿ ಆ ಹೋಲಿಕೆಯನ್ನು ಬದಿಗಿಟ್ಟರು.

ಇಲ್ಲಿ ನಮ್ಮ ಭಾಷೆಯ ಒಂದು ತೊಡಕಿದೆ. 'ಸುಪ್ತ' ಎಂದರೆ ನಿದ್ರಿಸುತ್ತಿರುವುದು. ಫ್ರಾಯ್ಡ್ ಹೇಳಿದ ಆ ಭಾಗ ನಿದ್ರಿಸುವುದೇ ಇಲ್ಲ. ಅದನ್ನು ಕೆಳಗೆ ಹಿಡಿದಿಡಲು ಸದಾ ಶಕ್ತಿ ವ್ಯಯವಾಗುತ್ತಿರುತ್ತದೆ. ಬಾಯಿತಪ್ಪಿ ಬಂದ ಮಾತಿನಲ್ಲಿ, ಕನಸಿನಲ್ಲಿ, ಕಾರಣ ತಿಳಿಯದ ಕೈನಡುಕದಲ್ಲಿ ಅದು ಹೊರಬರುತ್ತಲೇ ಇರುತ್ತದೆ. ಅರಬಿ ಭಾಷೆ ಬೇರೆ ಪದ ಆರಿಸಿಕೊಂಡಿತು. ಕೈರೋದ ಮನಶ್ಶಾಸ್ತ್ರಜ್ಞ ಯೂಸುಫ್ ಮುರಾದ್ 1940ರ ದಶಕದಲ್ಲಿ ಬಳಸಿದ್ದು 'ಲಾ-ಶುಊರ್', ಅಂದರೆ ಅರಿವಲ್ಲದ್ದು. ಇದು ಸೂಫಿ ಚಿಂತಕ ಇಬ್ನ್ ಅರಬಿಯವರಿಂದ ಬಂದ ಪದವೆಂದು ಇತಿಹಾಸಕಾರ್ತಿ ಒಮ್ನಿಯಾ ಎಲ್ ಶಾಕ್ರಿ ಬರೆದಿದ್ದಾರೆ. ಉರ್ದು ಬಲ್ಲವರಿಗೆ ಇದು ಹೊಸದೇನಲ್ಲ.

ಕನ್ನಡದಲ್ಲಿಯೂ ಇನ್ನೊಂದು ಚಿತ್ರ ಇಲ್ಲದಿಲ್ಲ. 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ, ವೈದ್ಯರೂ ಆಗಿದ್ದ ಎಂ. ಶಿವರಾಂ ಅವರು ಮನೋವೈದ್ಯವನ್ನು ಕುರಿತ ತಮ್ಮ ಪುಸ್ತಕಕ್ಕೆ ಇಟ್ಟ ಹೆಸರು 'ಮನಮಂಥನ'. ಕಡೆಯುವಾಗ ಯಾವುದು ಮೇಲಿನದು, ಯಾವುದು ಕೆಳಗಿನದು ಎಂದು ಹೇಳುವುದು ಕಷ್ಟ.