ತೂಕದ ಮುಳ್ಳು ನಿಂತಾಗ

ಆರೋಗ್ಯವನ್ನು ಕುರಿತ ನಮ್ಮ ಒಂದು ಚರ್ಚೆ ಪ್ರಸಾರವಾದ ಕೆಲವು ದಿನಗಳಲ್ಲಿ, ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ಬರೆದ ಪತ್ರ ನನ್ನ ಮೇಜಿಗೆ ಬಂತು. ಹಾಸ್ಟೆಲಿನಲ್ಲಿದ್ದು ಓದುತ್ತಿರುವ ಹುಡುಗಿ. ಎರಡು ತಿಂಗಳಿನಿಂದ ಕರಿದ ತಿಂಡಿ, ಸಿಹಿ ಬಿಟ್ಟಿದ್ದಾಳೆ. ವಾರಕ್ಕೆ ಮೂರು ದಿನ ಕಾಲೇಜಿನ ವ್ಯಾಯಾಮಶಾಲೆಗೆ ಹೋಗಿ ಭಾರ ಎತ್ತುವುದನ್ನು ಕಲಿಯುತ್ತಿದ್ದಾಳೆ. ಮೊದಲ ತಿಂಗಳು ಮೂರು ಕಿಲೋ ಇಳಿಯಿತಂತೆ. ಆಮೇಲೆ ಮೂರು ವಾರದಿಂದ ತೂಕದ ಮುಳ್ಳು ನಿಂತಲ್ಲೇ ನಿಂತಿದೆ. "ನನ್ನ ಮನಸ್ಸೇ ಗಟ್ಟಿ ಇಲ್ಲವೆಂದು ಕಾಣುತ್ತದೆ. ನಾಳೆಯಿಂದ ರಾತ್ರಿಯ ಊಟ ಪೂರ್ತಿ ಬಿಡುತ್ತೇನೆ. ಅದಕ್ಕೂ ಬಗ್ಗದಿದ್ದರೆ ಎಲ್ಲವನ್ನೂ ಬಿಟ್ಟುಬಿಡುತ್ತೇನೆ" ಎಂದು ಕೊನೆಯಲ್ಲಿ ಬರೆದಿದ್ದಳು.

ಆ ಕೊನೆಯ ಸಾಲುಗಳು ನನ್ನನ್ನು ತಡೆದು ನಿಲ್ಲಿಸಿದವು. ನಾನು ವೈದ್ಯನಲ್ಲ. ಭೌತವಿಜ್ಞಾನ ಓದಿ, ಕ್ಯಾಮೆರಾಗಳ ನಡುವೆ ಬಂದು ಸೇರಿಕೊಂಡವನು. ಆದರೆ ಪ್ರಯೋಗಾಲಯದಲ್ಲಿ ಮುಳ್ಳು ಅಲುಗದಿದ್ದರೆ ನಾವು ಮೊದಲು ಅನುಮಾನಿಸುತ್ತಿದ್ದುದು ವಿಧಾನವನ್ನು, ಅಳತೆಯನ್ನು, ಅಳೆಯುವವನ ಶೀಲವನ್ನಲ್ಲ. ದೇಹದ ವಿಷಯ ಬಂದಾಗ ಮಾತ್ರ ನಾವು ಈ ಕ್ರಮವನ್ನು ತಲೆಕೆಳಗು ಮಾಡಿಬಿಡುತ್ತೇವೆ. ತೂಕ ಇಳಿಯಲಿಲ್ಲವೇ? ನೀನು ಸೋಮಾರಿ. ಬಲ ಬರಲಿಲ್ಲವೇ? ನಿನಗೆ ಛಲವಿಲ್ಲ. ಈ ತೀರ್ಪು ಎಷ್ಟು ಸಲ ತಪ್ಪಾಗಿದೆ ಎಂಬುದಕ್ಕೆ ಒಂದು ಸೊಗಸಾದ ಚರಿತ್ರೆಯೇ ಇದೆ. ಅದನ್ನು ಲಂಡನ್ ನಗರದ ಒಬ್ಬ ಶವಪೆಟ್ಟಿಗೆಯ ವ್ಯಾಪಾರಿಯಿಂದ ಆರಂಭಿಸಬೇಕು.

ಅವನ ಹೆಸರು ವಿಲಿಯಂ ಬ್ಯಾಂಟಿಂಗ್. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬನಾದ ಫ್ರೆಡರಿಕ್ ಬ್ಯಾಂಟಿಂಗ್ ಬೇರೆ, ಇವನು ಬೇರೆ. ಇವನ ಮನೆತನದವರು ಇಂಗ್ಲೆಂಡಿನ ರಾಜಮನೆತನದ ಅಂತ್ಯಕ್ರಿಯೆಗಳ ಏರ್ಪಾಟು ಮಾಡುತ್ತಿದ್ದವರು. ಗೌರವಸ್ಥ, ಅನುಕೂಲಸ್ಥ. ಮೂವತ್ತು ದಾಟುತ್ತಿದ್ದಂತೆ ಮೈ ಬೆಳೆಯತೊಡಗಿತು. ಅವನು ಸುಮ್ಮನೆ ಕೂತವನಲ್ಲ. ವೈದ್ಯಮಿತ್ರನೊಬ್ಬ ಹೇಳಿದನೆಂದು ಬೆಳಗಿನ ಜಾವ ಎದ್ದು ನದಿಯಲ್ಲಿ ಗಂಟೆಗಟ್ಟಲೆ ದೋಣಿಯ ಹುಟ್ಟು ಹಾಕಿದ. ತೋಳಿಗೆ ಬಲ ಬಂತು ನಿಜ, ಜೊತೆಗೆ ಭಯಂಕರ ಹಸಿವೂ ಬಂತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ತೂಕ ಇನ್ನಷ್ಟು ಏರಿದ್ದನ್ನು ಕಂಡು ಅದೇ ಮಿತ್ರ, ಇನ್ನು ದೋಣಿ ಸಾಕು ಎಂದ! ಆಮೇಲೆ ಕುದುರೆ ಸವಾರಿ, ಸಮುದ್ರಸ್ನಾನ, ಲೀಮಿಂಗ್‌ಟನ್, ಚೆಲ್ಟೆನ್‌ಹ್ಯಾಮ್, ಹ್ಯಾರೊಗೇಟ್ ಊರುಗಳ ಖನಿಜ ನೀರು, ಹೂಜಿಗಟ್ಟಲೆ ಔಷಧಿ, ಅರೆಹೊಟ್ಟೆ. ಬಿಸಿಯ ಕೋಣೆಯಲ್ಲಿ ಬೆವರುವ ಟರ್ಕಿ ಸ್ನಾನ ಐವತ್ತು ಬಾರಿ ಮಾಡಿದ. ಅದರಿಂದ ಇಳಿದದ್ದು ಕೇವಲ 6 ಪೌಂಡು. ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆಯಿತು.

1862ರ ಆಗಸ್ಟಿನಲ್ಲಿ ಅವನಿಗೆ 65 ವರ್ಷ. ಎತ್ತರ 5 ಅಡಿ 5 ಅಂಗುಲ. ತೂಕ 202 ಪೌಂಡು, ಅಂದರೆ ಸುಮಾರು 92 ಕಿಲೋ. ಬಗ್ಗಿ ಬೂಟಿನ ದಾರ ಕಟ್ಟಲಾಗುತ್ತಿರಲಿಲ್ಲ. ಮಂಡಿಗೆ ಕುಲುಕು ತಗಲದಂತೆ ಮಹಡಿಯ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿಯಬೇಕಾಗಿತ್ತು. ಬೀದಿಯಲ್ಲಿ, ಸಭೆಯಲ್ಲಿ ಜನ ಆಡಿಕೊಳ್ಳುತ್ತಾರೆಂದು ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದ್ದ. ಕಿವಿಯೂ ಮಂದವಾಗುತ್ತಾ ಬಂದು, ಅದಕ್ಕೆಂದು ವಿಲಿಯಂ ಹಾರ್ವೆ ಎಂಬ ಕಿವಿಯ ಶಸ್ತ್ರವೈದ್ಯನ ಬಳಿಗೆ ಹೋದ. ಆ ಹಾರ್ವೆ ಪ್ಯಾರಿಸಿನಲ್ಲಿ ಕ್ಲಾಡ್ ಬರ್ನಾರ್ಡ್ ಎಂಬ ಶರೀರವಿಜ್ಞಾನಿಯ ಉಪನ್ಯಾಸಗಳನ್ನು ಕೇಳಿ ಬಂದಿದ್ದ. ಯಕೃತ್ತು ಸಕ್ಕರೆಯನ್ನು ಹೇಗೆ ನಿರ್ವಹಿಸುತ್ತದೆ ಎಂಬುದು ಅಲ್ಲಿನ ವಿಷಯ. ಹಾರ್ವೆ ಔಷಧಿ ಕೊಡಲಿಲ್ಲ. ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗೆಡ್ಡೆಗಳನ್ನು ನಿಲ್ಲಿಸಲು ಹೇಳಿದ. (ಆ ಪಥ್ಯದಲ್ಲಿ ದಿನಕ್ಕೆ ಹಲವು ಲೋಟ ವೈನಿಗೆ ಅನುಮತಿಯಿತ್ತು. ಆದ್ದರಿಂದ ಯಾರೂ ಅದನ್ನು ಕುರುಡಾಗಿ ಅನುಕರಿಸಬೇಕಾಗಿಲ್ಲ.)

ಒಂದು ವರ್ಷದಲ್ಲಿ 46 ಪೌಂಡು, ಸುಮಾರು 21 ಕಿಲೋ ಇಳಿಯಿತು. 1863ರಲ್ಲಿ ಬ್ಯಾಂಟಿಂಗ್ ತನ್ನ ಕಥೆಯನ್ನು ಸಣ್ಣ ಪುಸ್ತಿಕೆಯಾಗಿ ಅಚ್ಚು ಹಾಕಿಸಿ ಮೊದಲು ಉಚಿತವಾಗಿಯೇ ಹಂಚಿದ. ವೈದ್ಯರಲ್ಲಿ ಹಲವರು, ಇವನಿಗೇಕೆ ಈ ಉಸಾಬರಿ ಎಂದು ಮೂದಲಿಸಿದರು. ಜನ ಮಾತ್ರ ಕೊಂಡು ಓದಿದರು. ಸ್ವೀಡನ್ನಿನ ಭಾಷೆಯಲ್ಲಿ ಇಂದಿಗೂ ತೂಕ ಇಳಿಸುವುದಕ್ಕೆ 'ಬಾಂಟಾ' ಎಂಬ ಕ್ರಿಯಾಪದವೇ ಇದೆ. ಅದು ಇವನ ಹೆಸರಿನಿಂದ ಬಂದದ್ದು.

ಪಥ್ಯಕ್ಕಿಂತ ನನಗೆ ಅಮೂಲ್ಯವಾಗಿ ಕಂಡದ್ದು ಪುಸ್ತಿಕೆಯಲ್ಲಿರುವ ತೂಕದ ಪಟ್ಟಿ. ಸುಮಾರು ಮೂರು ವಾರಗಳಿಗೊಮ್ಮೆ ತೂಗಿ ಬರೆದದ್ದು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಪ್ರತಿ ಸಲವೂ ಮೂರು ನಾಲ್ಕು ಪೌಂಡು ಇಳಿಯುತ್ತಾ ಹೋಗುತ್ತದೆ. ಆಮೇಲೆ ನೋಡಿ: 1863ರ ಜನವರಿ 14ರಂದು 182, ಫೆಬ್ರುವರಿ 4ರಂದು 180, ಫೆಬ್ರುವರಿ 25ರಂದು 178, ಮಾರ್ಚ್ 18ರಂದು 176. ಮೂರಿದ್ದದ್ದು ಎರಡಕ್ಕೆ ಇಳಿದಿದೆ. ವಾರದ ಲೆಕ್ಕದಲ್ಲಿ ಅದು ಮುನ್ನೂರು ಗ್ರಾಮು. ಒಂದು ಲೋಟ ನೀರು ಹೆಚ್ಚು ಕುಡಿದರೆ ಮರೆಯಾಗಿಬಿಡುವಷ್ಟು. ದಿನವೂ ತೂಗಿ ನೋಡಿದ್ದರೆ ಆ ಚಳಿಗಾಲದಲ್ಲಿ ಅವನಿಗೂ ಮುಳ್ಳು ನಿಂತಂತೆಯೇ ಕಾಣುತ್ತಿತ್ತು. ಅವನು ಪಥ್ಯವನ್ನು ಬಿಗಿ ಮಾಡಲೂ ಇಲ್ಲ, ಬಿಡಲೂ ಇಲ್ಲ. ಏಪ್ರಿಲಿನಲ್ಲಿ ಮತ್ತೆ ಮೂರು ಪೌಂಡಿನ ಲೆಕ್ಕ ಶುರುವಾಯಿತು. ಪಟ್ಟಿಯ ಕೊನೆಯ ಎರಡು ಸಾಲುಗಳಲ್ಲಿ, ಆಗಸ್ಟ್ 26ಕ್ಕೂ ಸೆಪ್ಟೆಂಬರ್ 12ಕ್ಕೂ, ಒಂದೇ ಅಂಕಿ ಇದೆ: 156. ಅದನ್ನೂ ಅವನು ಹಾಗೆಯೇ ಅಚ್ಚು ಮಾಡಿಸಿದ. ಅಷ್ಟು ಹೊತ್ತಿಗೆ ಮೆಟ್ಟಿಲನ್ನು ಎಲ್ಲರಂತೆ ಮುಂದಕ್ಕೆ ಮುಖಮಾಡಿ ಇಳಿಯುತ್ತಿದ್ದ. 1878ರಲ್ಲಿ, 81ರ ವಯಸ್ಸಿನಲ್ಲಿ ತೀರಿಕೊಂಡ.

ಅಂದರೆ ಇಪ್ಪತ್ತು ವರ್ಷ ಸೋತಾಗಲೂ ಕೊನೆಯ ವರ್ಷ ಗೆದ್ದಾಗಲೂ ಮನುಷ್ಯ ಒಬ್ಬನೇ, ಅವನ ಛಲವೂ ಒಂದೇ. ನಿಜವಾಗಿ ನೋಡಿದರೆ ಐವತ್ತು ಸಲ ಬಿಸಿ ಕೋಣೆಯಲ್ಲಿ ಬೆಂದದ್ದಕ್ಕೇ ಹೆಚ್ಚು ಛಲ ಬೇಕಾಗಿತ್ತು. ಬದಲಾದದ್ದು ವಿಧಾನ.

ಹಾಗಾದರೆ ಸರಿಯಾದ ವಿಧಾನದಲ್ಲೂ ಇಳಿತ ನಡುವೆ ಏಕೆ ನಿಧಾನವಾಗುತ್ತದೆ? ಬ್ಯಾಂಟಿಂಗನಿಗೆ ಇದು ತಿಳಿದಿರಲಿಲ್ಲ. ಇದರ ಬಹುಭಾಗ ಉತ್ತರ ಸಿಕ್ಕಿದ್ದು ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ಕ್ರೀಡಾಂಗಣದ ಕೆಳಗಿದ್ದ ಕೋಣೆಗಳಲ್ಲಿ. ಯುರೋಪಿನಲ್ಲಿ ಹಸಿದ ಲಕ್ಷಾಂತರ ಜನರಿಗೆ ಮತ್ತೆ ಉಣ್ಣಿಸುವುದು ಹೇಗೆಂದು ತಿಳಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 1944ರ ನವೆಂಬರಿನಲ್ಲಿ ಒಂದು ಪ್ರಯೋಗ ಆರಂಭಿಸಿದ. ಯುದ್ಧ ಮಾಡಲು ಒಪ್ಪದ 36 ಯುವಕರು ತಾವಾಗಿ ಮುಂದೆ ಬಂದರು. ಆರು ತಿಂಗಳು ಅವರಿಗೆ ಸಿಕ್ಕಿದ್ದು ಮಾಮೂಲಿ ಊಟದ ಅರ್ಧದಷ್ಟು. ಜೊತೆಗೆ ವಾರಕ್ಕೆ 22 ಮೈಲಿ ನಡಿಗೆ. ತೂಕ ಸುಮಾರು ಕಾಲುಭಾಗ ಕರಗಿತು. ಆದರೆ ದೇಹ ತನ್ನ ಖರ್ಚನ್ನೂ ಬಿಗಿ ಮಾಡಿತು. ಸುಮ್ಮನೆ ಮಲಗಿದ್ದಾಗ ಉರಿಯುವ ಶಕ್ತಿಯ ಪ್ರಮಾಣ ಸುಮಾರು ಶೇಕಡ 40ರಷ್ಟು ಕುಸಿಯಿತು. ನಾಡಿ ನಿಧಾನವಾಯಿತು, ಬೇಸಿಗೆಯಲ್ಲೂ ಚಳಿ. ಕಾಲಲ್ಲಿ ನೀರು ತುಂಬಿ ಊತ ಬಂತು. ಆ ನೀರಿನ ಭಾರ, ಕರಗಿದ ಅಂಗಾಂಶದ ಲೆಕ್ಕವನ್ನು ಮುಚ್ಚಿಡುತ್ತಿತ್ತು. ತೋಳಿನ, ಬೆನ್ನಿನ ಬಲ ಇಳಿಯಿತು. ಅವರಿಗೆ ಊಟದ ವಿನಾ ಬೇರೆ ಯೋಚನೆಯೇ ಇಲ್ಲ. ಅಡುಗೆಯ ಪುಸ್ತಕಗಳನ್ನು ಕಾದಂಬರಿಯಂತೆ ಓದತೊಡಗಿದರು. ಮತ್ತೆ ಊಟ ಸಿಕ್ಕಾಗ ಕೊಬ್ಬು ಸ್ನಾಯುವಿಗಿಂತ ಮೊದಲು ಓಡಿ ಬಂತು. ಇವರೆಲ್ಲ ತತ್ತ್ವಕ್ಕಾಗಿ ಕಷ್ಟಪಡಲು ಸಿದ್ಧರಿದ್ದ ದೃಢಚಿತ್ತದ ತರುಣರು ಎಂಬುದನ್ನು ಮರೆಯಬಾರದು. 1950ರಲ್ಲಿ ಇದರ ವರದಿ ಎರಡು ದಪ್ಪ ಸಂಪುಟಗಳಲ್ಲಿ ಹೊರಬಂತು.

ಅಷ್ಟು ಉಗ್ರವಾಗಿ ಅಲ್ಲದಿದ್ದರೂ ಅದೇ ಜಾತಿಯ ಹೊಂದಾಣಿಕೆ, ಊಟ ಕಡಿಮೆ ಮಾಡಿದ ಪ್ರತಿಯೊಬ್ಬರಲ್ಲೂ ನಡೆಯುತ್ತದೆ. ಚಿಕ್ಕದಾದ ದೇಹಕ್ಕೆ ಕಡಿಮೆ ಇಂಧನ ಸಾಕು. ಮೇಲಾಗಿ ನಮಗೇ ಗೊತ್ತಿಲ್ಲದಂತೆ ನಾವು ಕಡಿಮೆ ಓಡಾಡುತ್ತೇವೆ. ಹೊಸದಾಗಿ ಭಾರ ಎತ್ತುವವರಲ್ಲಿ ಇನ್ನೊಂದು ಸೇರುತ್ತದೆ. ಸ್ನಾಯು ತನ್ನ ಇಂಧನವನ್ನು ಗ್ಲೈಕೊಜನ್ ರೂಪದಲ್ಲಿ ಕೂಡಿಡುತ್ತದೆ. ಒಂದು ಗ್ರಾಮ್ ಗ್ಲೈಕೊಜನ್ನಿನ ಜೊತೆಗೆ ಸುಮಾರು ಮೂರು ಗ್ರಾಮ್ ನೀರೂ ಬಂದು ಕೂರುತ್ತದೆ. ಕೊಬ್ಬು ಇಳಿಯುತ್ತಿರುತ್ತದೆ, ಮುಳ್ಳು ನಿಂತಿರುತ್ತದೆ.

ಇನ್ನು ಬಲದ ಮಾತು. ಮಿನ್ನೆಸೋಟದಲ್ಲಿ ತರುಣರು ಸೊರಗುತ್ತಿದ್ದ ಕಾಲದಲ್ಲೇ ಷಿಕಾಗೋದ ಗಾರ್ಡಿನರ್ ಸೇನಾ ಆಸ್ಪತ್ರೆಯಲ್ಲಿ ಥಾಮಸ್ ಡಿಲಾರ್ಮ್ ಎಂಬ ಯುವ ವೈದ್ಯ, ಮಂಡಿ ಮುರಿದುಕೊಂಡು ಬಂದ ಸೈನಿಕರ ಉಸ್ತುವಾರಿಯಲ್ಲಿದ್ದ. ಇವನಿಗೂ ಒಂದು ಹಿಂದಣ ಕಥೆ ಇದೆ. ಹದಿಹರೆಯದಲ್ಲಿ ಕೀಲುಜ್ವರ ಬಂದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದ. ಹೃದಯ ದುರ್ಬಲ, ಶ್ರಮ ಕೂಡದು ಎಂಬ ಎಚ್ಚರಿಕೆ ಬೇರೆ. ಅವನು ಸ್ವಲ್ಪ ಸ್ವಲ್ಪವಾಗಿ ಭಾರ ಎತ್ತಿಯೇ ಚೇತರಿಸಿಕೊಂಡಿದ್ದ. ಆಗಿನ ಆಸ್ಪತ್ರೆಗಳ ಪದ್ಧತಿ ಎಂದರೆ ಗಾಯಗೊಂಡ ಕಾಲಿಗೆ ಹಗುರ ಭಾರ ಕಟ್ಟಿ ಅಸಂಖ್ಯ ಬಾರಿ ಎತ್ತಿಸುವುದು. ಸೈನಿಕರು ಬೇಸತ್ತು ತಿಂಗಳುಗಟ್ಟಲೆ ಬಿದ್ದಿರುತ್ತಿದ್ದರು. ಡಿಲಾರ್ಮ್ ಕಬ್ಬಿಣದ ಪಾದರಕ್ಷೆ ಕಟ್ಟಿಸಿದ. ಸರಿಯಾಗಿ ಹತ್ತು ಸಲ ಎತ್ತಬಹುದಾದ, ಹನ್ನೊಂದನೆಯ ಸಲ ಆಗದ ಭಾರ ಎಷ್ಟೆಂದು ಪತ್ತೆ ಮಾಡಿ, ವಾರವಾರವೂ ಅದನ್ನು ಮತ್ತೆ ಅಳೆದು ಏರಿಸಿದ. ಫಲಿತಾಂಶ 1945ರಲ್ಲಿ ಪ್ರಕಟವಾಯಿತು.

ಮೊದಲು ಅವನು ಹತ್ತರ ಏಳರಿಂದ ಹತ್ತು ಸರಣಿ ಮಾಡಿಸುತ್ತಿದ್ದ. 1948ರ ಹೊತ್ತಿಗೆ, ಅದು ಅತಿಯಾಯಿತೆಂದು ತಾನೇ ಒಪ್ಪಿ ಮೂರಕ್ಕೆ ಇಳಿಸಿದ: ಅರ್ಧ ಭಾರ, ಮುಕ್ಕಾಲು ಭಾರ, ಪೂರ್ಣ ಭಾರ. ಇಂದು ಪ್ರತಿ ವ್ಯಾಯಾಮಶಾಲೆಯಲ್ಲೂ ಕೇಳಿಬರುವ 'ಹತ್ತರ ಮೂರು ಸರಣಿ' ಹೀಗೆ ಹುಟ್ಟಿದ್ದು. ಗುರು ತನ್ನ ತಪ್ಪನ್ನು ತಾನೇ ತಿದ್ದಿಕೊಂಡದ್ದರ ಫಲ ಅದು.

ಕ್ರಮವಾಗಿ ಭಾರ ಏರಿಸುವ ಈ ವಿದ್ಯೆ ವ್ಯಾಯಾಮಗಾರರಿಗೆ ಮೊದಲೇ ಗೊತ್ತಿತ್ತು. ಡಿಲಾರ್ಮ್ ಅದಕ್ಕೆ ಆಸ್ಪತ್ರೆಯ ಬಾಗಿಲು ತೆರೆದ. ನಮ್ಮ ಬೆಂಗಳೂರಿನಲ್ಲೇ ಕೆ.ವಿ. ಅಯ್ಯರ್ (1897–1980) ತಮ್ಮ ಹರ್ಕ್ಯುಲಿಸ್ ವ್ಯಾಯಾಮಶಾಲೆಯಲ್ಲಿ 1930ರ ದಶಕದಲ್ಲಿಯೇ ಭಾರದ ಸಲಾಕೆಯನ್ನೂ ಸೂರ್ಯನಮಸ್ಕಾರವನ್ನೂ ಜೊತೆಗೂಡಿಸಿ ಕಲಿಸುತ್ತಿದ್ದರು. ದೂರದ ಊರಿನವರಿಗೆ ಅಂಚೆಯ ಮೂಲಕ ಪಾಠ ಕಳುಹಿಸುತ್ತಿದ್ದರು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದವರೂ ಅವರೇ ಎಂದರೆ ನಮ್ಮ ಕಚೇರಿಯ ಕಿರಿಯ ಸಹೋದ್ಯೋಗಿಗಳು ನಂಬುವುದಿಲ್ಲ.

ಈ ಚರಿತ್ರೆ ನನಗೆ ಬರಿಯ ಓದಿನ ವಿಷಯವಾಗಿ ಉಳಿಯಲಿಲ್ಲ. ಹೊರಾಂಗಣ ಚಿತ್ರೀಕರಣವೊಂದರಲ್ಲಿ ಕ್ಯಾಮೆರಾದ ಹಳಿಗೆ ಎಡವಿ ಬಿದ್ದು ನನ್ನ ಬಲಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ತೊಡೆ ಸೊರಗಿ, ಎಡತೊಡೆಗಿಂತ ಎರಡು ಅಂಗುಲ ಸಣ್ಣಗಾಗಿತ್ತು. ನಡೆದಾಟವಿಲ್ಲದೆ ಹೊಟ್ಟೆ ಮಾತ್ರ ಬೆಳೆದಿತ್ತು. ಒಂದು ಕಿಲೋ ಮರಳಿನ ಚೀಲದಿಂದ ಆರಂಭ. ಆರು ವಾರ ಕಳೆದು ಐದು ಕಿಲೋಗೆ ಬಂದಿದ್ದೆ, ಅಷ್ಟರಲ್ಲಿ ಟೈಫಾಯಿಡ್. ಎದ್ದು ಕೂತಾಗ ಎರಡು ಕಿಲೋ ಎತ್ತುವುದೂ ಕಷ್ಟ. ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೇಯ್ದಂತಾಯಿತು ಎಂದು ಚೀಲವನ್ನು ಮಂಚದ ಕೆಳಗೆ ತಳ್ಳಿದ್ದೆ.

ಹೊಳೆಗೆ ಹೋಗಿರಲಿಲ್ಲ. ಅಮೆರಿಕದ ರಾಬರ್ಟ್ ಸ್ಟಾರನ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಇಪ್ಪತ್ತು ವಾರ ಭಾರದ ತರಬೇತಿ ಪಡೆದ ಮಹಿಳೆಯರು ಏಳು ತಿಂಗಳು ಎಲ್ಲವನ್ನೂ ನಿಲ್ಲಿಸಿದರು. ಮತ್ತೆ ಶುರುಮಾಡಿದಾಗ ಕೇವಲ ಆರು ವಾರಗಳಲ್ಲಿ ಬಹುಮಟ್ಟಿಗೆ ಹಿಂದಿನ ಸ್ಥಿತಿಗೆ ಬಂದರು. ಗುಂಪು ತೀರ ಚಿಕ್ಕದು ನಿಜ. ಕಾರಣವೇನಿರಬಹುದು? 2010ರಲ್ಲಿ ನಾರ್ವೆಯ ವಿಜ್ಞಾನಿಗಳು ಇಲಿಗಳಲ್ಲಿ ಒಂದು ಸುಳಿವು ಕಂಡರು. ದುಡಿದು ಬೆಳೆದ ಸ್ನಾಯುತಂತು ಹೊಸ ಕೋಶಕೇಂದ್ರಗಳನ್ನು ಪಡೆಯುತ್ತದೆ. ಆಮೇಲೆ ತಂತು ಸೊರಗಿದರೂ ಆ ಕೇಂದ್ರಗಳು ತಿಂಗಳುಗಟ್ಟಲೆ ಉಳಿದಿರುತ್ತವೆ. ಮನುಷ್ಯರಲ್ಲೂ ಹೀಗೆಯೇ ಎಂಬುದರ ಬಗ್ಗೆ ವಿಜ್ಞಾನಿಗಳ ಚರ್ಚೆ ಮುಗಿದಿಲ್ಲ. ನನ್ನ ಮಂಡಿಯ ಸಾಕ್ಷಿಗೆ ವಿಜ್ಞಾನದಲ್ಲಿ ಬೆಲೆಯಿಲ್ಲ, ಆದರೂ ಹೇಳುತ್ತೇನೆ: ಮೊದಲ ಸಲ ಆರು ವಾರ ಹಿಡಿದ ಐದು ಕಿಲೋಗೆ ಎರಡನೆಯ ಸಲ ಹದಿನೇಳು ದಿನ ಸಾಕಾಯಿತು. ಪುಸ್ತಕದಲ್ಲಿ ಬರೆದಿಟ್ಟಿದ್ದರಿಂದ ಗೊತ್ತಾಯಿತು, ಇಲ್ಲದಿದ್ದರೆ ಅದೂ ತಿಳಿಯುತ್ತಿರಲಿಲ್ಲ.

ಆ ವಿದ್ಯಾರ್ಥಿನಿಗೆ ಉತ್ತರ ಬರೆದೆ. ರಾತ್ರಿಯ ಊಟ ಬಿಡಬೇಡ, ಒಮ್ಮೆ ವೈದ್ಯರಿಗೆ ತೋರಿಸು, ವಾರಕ್ಕೊಮ್ಮೆ ಮಾತ್ರ ತೂಗು, ಸೊಂಟಕ್ಕೆ ಟೇಪು ಹಿಡಿ, ಎತ್ತಿದ ಭಾರವನ್ನು ಬರೆದಿಡು ಎಂದು. ಜೊತೆಗೆ ಬ್ಯಾಂಟಿಂಗನ ಪಟ್ಟಿಯ ಪ್ರತಿಯೊಂದನ್ನು, ಜನವರಿಯಿಂದ ಮಾರ್ಚಿನವರೆಗಿನ ಸಾಲುಗಳ ಕೆಳಗೆ ಗೆರೆ ಎಳೆದು ಕಳುಹಿಸಿದೆ. ಎರಡು ತಿಂಗಳ ನಂತರ ಅವಳ ಕಾಗದ ಬಂತು. ರಾತ್ರಿ ಮುದ್ದೆ ಉಣ್ಣುತ್ತಿದ್ದಾಳೆ. ಮೊದಲು ಬರಿ ಸಲಾಕೆ ಹೊತ್ತು ಬೈಠಕ್ ಹೊಡೆಯುತ್ತಿದ್ದವಳು ಈಗ ಎರಡು ಕಡೆಗೂ ಐದೈದು ಕಿಲೋ ಏರಿಸಿದ್ದಾಳೆ. ತೂಕ ಒಂದೂವರೆ ಕಿಲೋ ಇಳಿದಿದೆಯಂತೆ. ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಎಂಟು ವಾರಗಳ ಪಟ್ಟಿ ಹಾಕಿದ್ದಳು. ಮೂರು ಸಾಲುಗಳಲ್ಲಿ ಒಂದೇ ಅಂಕಿ ಇತ್ತು.