ಮೈಕು ಬಂದು ಕಂಠ ಕೆಟ್ಟಿತೇ?

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಕಡೆ ಪೌರಾಣಿಕ ನಾಟಕದ ಮಾತೆತ್ತಿದರೆ ಒಂದು ದೂರು ಜೊತೆಗೇ ಬರುತ್ತದೆ: ಮೈಕು ಬಂದ ಮೇಲೆ ಕಂಠ ಹೋಯಿತು. ಈ ದೂರನ್ನು ಹಾಗೆಯೇ ಒಪ್ಪಲಾಗದು. ಈ ಊರುಗಳಿರುವುದು ಗಡಿಸೀಮೆಯಲ್ಲಿ. ಬಳ್ಳಾರಿ ಜಿಲ್ಲೆಯನ್ನು ಒಡೆದು 1882ರಲ್ಲಿ ಅನಂತಪುರ ಜಿಲ್ಲೆ ಮಾಡಿದರು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು, ಅನಂತಪುರ ಆಂಧ್ರಕ್ಕೆ ಹೋಯಿತು. ಮೈಸೂರಿನ ಪಾವಗಡ ತಾಲ್ಲೂಕು ಅನಂತಪುರ ಜಿಲ್ಲೆಯೊಳಕ್ಕೆ ಚಾಚಿಕೊಂಡೇ ಉಳಿಯಿತು. ಗೆರೆಗಳು ಎಷ್ಟು ಬದಲಾದರೂ ಕನ್ನಡದ ಕಂದಕ್ಕೂ ತೆಲುಗಿನ ಸೀಸಪದ್ಯಕ್ಕೂ ಕಿವಿಗೊಡುವ ಅಭ್ಯಾಸ ಇಲ್ಲಿ ತಪ್ಪಲಿಲ್ಲ. ಇಂಥ ಸೀಮೆಯ ರಂಗಕಂಠದ ಚರಿತ್ರೆಯನ್ನು ಬಿಡಿಸಿ ನೋಡಿದರೆ, ಮೈಕು ಕಂಠವನ್ನು ಕೊಂದಿತೆನ್ನುವುದಕ್ಕಿಂತ ಗಾಯಕನ ಶ್ರಮವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿತು ಎನ್ನುವುದೇ ಸರಿಯೆನಿಸುತ್ತದೆ.

ಮೈಕಿಲ್ಲದ ಕಾಲದಿಂದಲೇ ತೊಡಗೋಣ. ತೆಲುಗು ನಾಟಕಕ್ಕೆ ಪದ್ಯ, ಹಾಡುಗಳ ಮೆರುಗು ಕೊಟ್ಟ ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912) ತಮ್ಮ ಸರಸ ವಿನೋದಿನಿ ಸಭೆಯನ್ನು ಬಳ್ಳಾರಿಯಲ್ಲಿ ನಡೆಸಿದರು. ಮೈಸೂರು ಸೀಮೆಯಲ್ಲಿ ರತ್ನಾವಳಿ ಕಂಪನಿಯ ಎ.ವಿ. ವರದಾಚಾರ್ಯರು ಮೇಲಿನ ಶ್ರುತಿಯ ಗಾಯನಕ್ಕೆ ಹೆಸರಾದರು. ಗ್ಯಾಸ್‌ಲೈಟಿನ ಬೆಳಕಿನಲ್ಲಿ, ಬಯಲಿನಲ್ಲಿ ಕೂತ ಜನರ ಕೊನೆಯ ಸಾಲಿಗೂ ಪದ್ಯ ಮುಟ್ಟಬೇಕಿತ್ತು. ಶ್ರುತಿ ಏರಿಸಿ, ಎದೆ ತುಂಬಿ ಹಾಡಬಲ್ಲವನಿಗೇ ಕೃಷ್ಣನ ಪಾತ್ರ. ಮಂದ್ರದಲ್ಲಿ ಸೊಗಸಾಗಿ ಹಾಡುವವನಿಗೆ ಬಾಗಿಲು ಮುಚ್ಚಿದಂತೆಯೇ. ನಾವಿಂದು ಹಾಡಿ ಹೊಗಳುವ ಆ ಗಟ್ಟಿ ಕಂಠವನ್ನು ರಸಿಕತೆಯೊಂದೇ ಆರಿಸಲಿಲ್ಲ, ಅನಿವಾರ್ಯವೂ ಆರಿಸಿತು. ಅದರ ಅತಿಗೆ ಆಗಲೇ ಆಕ್ಷೇಪವೂ ಇತ್ತು. ಅನಂತಪುರ ಜಿಲ್ಲೆಯ ತಾಡಿಪತ್ರಿಯಲ್ಲಿ 1880ರಲ್ಲಿ ಹುಟ್ಟಿದ ಬಳ್ಳಾರಿ ರಾಘವರು ರಾಗಾಲಾಪಕ್ಕಿಂತ ಸಹಜಾಭಿನಯಕ್ಕೆ ಮನ್ನಣೆ ಕೊಟ್ಟ ನಟ. ಹಾಡೋ ಅಭಿನಯವೋ ಎಂಬ ಜಗಳ ಮೈಕಿಗಿಂತ ಹಳೆಯದು.

ಮೈಕನ್ನು ಈ ದೇಶದ ಜನ ಮೊದಲು ಕಂಡದ್ದು ಹೆಚ್ಚಾಗಿ ರಾಜಕೀಯ ಸಭೆಗಳಲ್ಲಿ. ಸ್ವಾತಂತ್ರ್ಯ ಹೋರಾಟದ ಕಾಲದ ಚಿತ್ರಗಳಲ್ಲಿ ನಾಯಕರ ಮುಂದಿನ ಮೈಕಿನ ಮೇಲೆ ಮೋಟವಾನೆಯವರ ಚಿಕಾಗೋ ರೇಡಿಯೋ ಕಂಪನಿಯ ಹೆಸರು ಕಾಣುತ್ತದೆ. ಆಮೇಲೆ ಅಹುಜಾ ಮೈಕುಗಳೂ ತಗಡಿನ ಹಾರನ್‌ಗಳೂ ಜಾತ್ರೆ, ಮದುವೆ, ನಾಟಕಗಳಿಗೆ ಬಂದವು. ರಂಗದ ಮೇಲೆ ಹಗ್ಗದಲ್ಲಿ ಇಳಿಬಿಟ್ಟ ಮೈಕಿನ ಕೆಳಗೆ, ಇಲ್ಲವೇ ಸ್ಟ್ಯಾಂಡಿನ ಮುಂದೆ ಬಂದು ನಿಂತೇ ಪದ್ಯ ಹಾಡಬೇಕಾಯಿತು. ಬಯಲಲ್ಲಿ ಬಾಯಿಂದ ಮೈಕಿನ ದೂರ ಎರಡು ಪಟ್ಟಾದರೆ ದನಿ ಆರು ಡೆಸಿಬಲ್ ಇಳಿಯುತ್ತದೆ. ಹೀಗಾಗಿ ಪಾತ್ರಧಾರಿಯ ನಡೆಯೆಲ್ಲ ಒಂದು ಬಿಂದುವಿನ ಸುತ್ತ ಕಟ್ಟುಬಿತ್ತು. ಹಾರನ್ ಅಂತೂ ತಗ್ಗು ಸ್ವರವನ್ನೂ ಸೂಕ್ಷ್ಮ ವ್ಯಂಜನವನ್ನೂ ನುಂಗಿ, ನಡುವಿನ ಕೀರಲನ್ನಷ್ಟೇ ದೂರಕ್ಕೆ ಎಸೆಯುತ್ತದೆ. ಅದರಲ್ಲಿ ಗೆದ್ದದ್ದು ಮತ್ತದೇ ಮೇಲಿನ ಶ್ರುತಿಯ ಚೂಪು ದನಿ. ಮೈಕು ಬಂದೊಡನೆ ಹಳೆಯ ಕಂಠ ಸತ್ತಿತೆಂಬ ಮಾತು ಇಲ್ಲಿಯೇ ಸಡಿಲವಾಗುತ್ತದೆ.

ನಿಜವಾದ ಪಲ್ಲಟ ತಂದದ್ದು ಮೈಕಿನೊಳಗಿನ ಕಂಡೆನ್ಸರ್ ಕ್ಯಾಪ್ಸೂಲ್. ಅಮೆರಿಕದ ಇ.ಸಿ. ವೆಂಟೆ 1916ರಲ್ಲೇ ಅದನ್ನು ರೂಪಿಸಿದ್ದರು. ಒಂದು ತೆಳು ಪೊರೆ, ಅದರ ಹಿಂದೆ ಕೂದಲೆಳೆಯಷ್ಟು ಅಂತರದಲ್ಲಿ ಒಂದು ಲೋಹದ ಫಲಕ. ದನಿಗೆ ಪೊರೆ ಅಲುಗಿದಾಗ ಎರಡರ ನಡುವಿನ ವಿದ್ಯುತ್ ಧಾರಕತೆ ಬದಲಾಗುತ್ತದೆ. ಡೈನಮಿಕ್ ಮೈಕಿನ ಪೊರೆಯಂತೆ ತಂತಿಸುರುಳಿಯನ್ನು ಹೊರಬೇಕಿಲ್ಲವಾದ್ದರಿಂದ ಸಕಾರ, ಷಕಾರ, ಮಹಾಪ್ರಾಣ, ಉಸಿರು ಎಲ್ಲಕ್ಕೂ ಅದು ಚುರುಕಾಗಿ ಓಗೊಡುತ್ತದೆ. ಆದರೆ ಅದಕ್ಕೆ ಹೊರಗಿನಿಂದ ವಿದ್ಯುತ್ ಊಡಬೇಕಿತ್ತು, ತೇವವೂ ಆಗದು; ಅಂತೆಯೇ ಅದು ಬಹುಕಾಲ ಸ್ಟುಡಿಯೋದ ವಸ್ತುವಾಗಿತ್ತು. 1962ರಲ್ಲಿ ಬೆಲ್ ಪ್ರಯೋಗಾಲಯದ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಪೊರೆಯಲ್ಲೇ ವಿದ್ಯುದಂಶವನ್ನು ಹಿಡಿದಿಡುವ ಎಲೆಕ್ಟ್ರೆಟ್ ಮೈಕನ್ನು ಕಂಡುಹಿಡಿದ ಮೇಲೆ ಅದು ಅಗ್ಗವಾಯಿತು. ಮನೆಮನೆಯ ಕ್ಯಾಸೆಟ್ ಟೇಪ್‌ರೆಕಾರ್ಡರಿನೊಳಗೆ ಇದ್ದದ್ದು ಇದೇ. ಇಂದು ನಟನ ಕಾಲರ್ ಮೈಕಿನಲ್ಲಿ, ಕಿವಿಗೆ ಸಿಕ್ಕಿಸುವ ಹೆಡ್‌ಸೆಟ್ಟಿನಲ್ಲಿ ಇರುವುದೂ ಇದೇ. ಸ್ಟುಡಿಯೋ ಮೈಕಿಗೆ ತಂತಿಯಲ್ಲಿ 48 ವೋಲ್ಟ್ ಹರಿಯುತ್ತದೆ; ಕಾರ್ಡ್‌ಲೆಸ್ ಮೈಕಿನಲ್ಲಿ ಹಿಡಿಯೊಳಗಿನ ಬ್ಯಾಟರಿಯೇ ಆ ಕೆಲಸವನ್ನು ನಡೆಸಬೇಕು. ನಾಯ್ಮನ್ ಕಂಪನಿಯ ಕೆಕೆ 205ರಂಥ ಕ್ಯಾಪ್ಸೂಲ್‌ಗಳನ್ನು ಅಂಥ ಹಿಡಿಯ ತಲೆಗೆ ತಿರುಗಿಸಿ ಕೂರಿಸಬಹುದು. ಗದೆ ಹಿಡಿದ ಭೀಮನಿಗೆ ಈಗ ಹಗ್ಗದ ಮೈಕಿನ ಕೆಳಗೆ ಓಡುವ ಹಂಗಿಲ್ಲ. ಮಂದ್ರದಲ್ಲಿ ಹಾಡುವವನಿಗೂ ಪಾತ್ರವುಂಟು.

ಇದಕ್ಕೆ ಎರಡು ಆಕ್ಷೇಪಗಳಿವೆ. ಪಿಸುಮಾತನ್ನೂ ಹಿಡಿಯುವ ಮೈಕು ಸಿಕ್ಕರೆ ಸಾಧನೆ ಯಾರು ಮಾಡುತ್ತಾರೆ ಎಂಬುದು ಮೊದಲನೆಯದು. ಆದರೆ ಅಷ್ಟು ಚುರುಕಿನ ಕ್ಯಾಪ್ಸೂಲ್ ಶ್ರುತಿ ತಪ್ಪಿದ್ದನ್ನೂ, ಯತಿಭಂಗವನ್ನೂ, ಉಸಿರು ಕದ್ದದ್ದನ್ನೂ ಅಷ್ಟೇ ನಿಷ್ಕರುಣೆಯಿಂದ ಸಾರುತ್ತದೆ. ಹಾರನ್ ಮುಚ್ಚಿಹಾಕುತ್ತಿದ್ದ ತಪ್ಪುಗಳಿಗೆ ಇಲ್ಲಿ ಮರೆಯಿಲ್ಲ. ಸಾಧನೆ ಬೇಡವಾಗಲಿಲ್ಲ, ಶಕ್ತಿಯ ಸಾಧನೆ ನಯದ ಸಾಧನೆಯಾಯಿತು. ಎರಡನೆಯದು ಇನ್ನೂ ಗಟ್ಟಿಯಾದ ಆಕ್ಷೇಪ: ಧೂಳು, ಬೆವರು, ಪಕ್ಕದಲ್ಲೇ ಹಾರ್ಮೋನಿಯಂ, ತಬಲ, ಇಂಥಲ್ಲಿ ಕಂಡೆನ್ಸರ್ ಎಲ್ಲವನ್ನೂ ಎಳೆದುಕೊಂಡು ಕೂಗಿಡುತ್ತದೆ, 1966ರಿಂದ ಇರುವ ಶೂರ್ ಎಸ್‌ಎಮ್ 58ರಂಥ ಡೈನಮಿಕ್ ಮೈಕೇ ಸಾಲದೇ? ಬಹಳ ರಂಗಗಳಿಗೆ ಸಾಕು, ಒಪ್ಪಬೇಕಾದ ಮಾತೇ. ಹಾರನ್ ಕಟ್ಟಿದಲ್ಲಿ ದುಬಾರಿ ಕ್ಯಾಪ್ಸೂಲ್ ತಂದರೆ ದುಡ್ಡು ದಂಡ. ಆದರೆ ಈ ಆಕ್ಷೇಪವೂ ನನ್ನ ವಾದವನ್ನೇ ಬಲಪಡಿಸುತ್ತದೆ: ದನಿಯ ಗುಣವನ್ನು ಮೈಕೊಂದೇ ತೀರ್ಮಾನಿಸುವುದಿಲ್ಲ, ಸ್ಪೀಕರು, ರಂಗದ ಜೋಡಣೆ, ಹಾಡುವವನ ಅಭ್ಯಾಸ ಎಲ್ಲವೂ ಸೇರಿ ತೀರ್ಮಾನಿಸುತ್ತವೆ.

ಹಾಗಾಗಿ ದೂರಬೇಕಾದ್ದು ಮೈಕನ್ನಲ್ಲ, ಮೈಕನ್ನು ಕಲಿಯದ ತಾಲೀಮನ್ನು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಪದ್ಯ ತಿದ್ದುತ್ತಾರೆ. ಮೈಕ್ ಸೆಟ್ಟು ಮಾತ್ರ ನಾಟಕದ ಸಂಜೆ ಬಂದಿಳಿಯುತ್ತದೆ. ಮೈಕನ್ನು ಎಷ್ಟು ದೂರ ಹಿಡಿಯಬೇಕು, ತಾರಸ್ಥಾಯಿಯಲ್ಲಿ ಎಷ್ಟು ಸರಿಸಬೇಕು ಎಂಬುದನ್ನೂ ತಾಳದಷ್ಟೇ ಶ್ರದ್ಧೆಯಿಂದ ಹೇಳಿಕೊಡುವ ಕಾಲ ಬಂದಿದೆ. ನಾಟಕ ಆಡಿಸುವ ಊರಿನವರು ಸೀನರಿಗೆ ಕೊಡುವ ಮುಂಗಡದ ಜೊತೆಗೆ ಒಂದು ರಾತ್ರಿಯ ಮೈಕ್ ತಾಲೀಮಿಗೂ ದುಡ್ಡು ತೆಗೆದಿಡಲಿ.